ಇಬ್ರಾಹಿಮ್ ಆದಿಲ್‌ಶಾಹನ ನವರಸೋತ್ಸವ

ವಿಜಯಪುರ ನಗರದ ಪಶ್ಚಿಮಕ್ಕೆ ಕೆಲವು ಮೈಲಿಗಳ ಅಂತರದಲ್ಲಿ ತೊರವೆ ಎಂಬ ಗ್ರಾಮವುಂಟು. ಅಲ್ಲಿಯ ನರಸಿಂಹನನ್ನು ಆರಾಧಿಸಿದ ಕುಮಾರ ವಾಲ್ಮೀಕಿಯ ರಾಮಾಯಣದಿಂದ ಈ ಊರಿನ ಹೆಸರು ಕನ್ನಡಿಗರೆಲ್ಲರಿಗೂ ಪರಿಚಿತ. ಆದರೆ ಇದೇ ತೊರವೆಯ ಪರಿಸರದಲ್ಲಿ 1599ರಲ್ಲಿ ಮುಸಲ್ಮಾನ ದೊರೆಯೊಬ್ಬನು ಸಂಗೀತಕ್ಕಾಗಿಯೇ ಒಂದು ಪಟ್ಟಣವನ್ನು ಕಟ್ಟಲು ತೊಡಗಿದನೆಂಬುದೂ, ಅಲ್ಲಿ ಉತ್ಸವವೊಂದನ್ನು ನಡೆಸುತ್ತಿದ್ದನೆಂಬುದೂ ಅಷ್ಟಾಗಿ ತಿಳಿದ ಸಂಗತಿಯಲ್ಲ. ಆ ಪಟ್ಟಣ ನವರಸಪುರ. ಆ ಉತ್ಸವ ಈದ್-ಎ-ನವರಸ್. ಆ ದೊರೆ ಎರಡನೆಯ ಇಬ್ರಾಹಿಮ್ ಆದಿಲ್‌ಶಾಹ.

1580ರಲ್ಲಿ ಸಿಂಹಾಸನವೇರಿದಾಗ ಇಬ್ರಾಹಿಮನು ಒಂಬತ್ತು ವರ್ಷದ ಬಾಲಕ. ಅವನ ಪರವಾಗಿ ಕೆಲಕಾಲ ರಾಜ್ಯಭಾರವನ್ನು ನೋಡಿಕೊಂಡವಳು ಇತಿಹಾಸಪ್ರಸಿದ್ಧಳಾದ ಚಾಂದಬೀಬಿ. ಪ್ರಾಯಕ್ಕೆ ಬಂದ ಮೇಲೆ ಅವನ ಮನಸ್ಸು ನೆಟ್ಟದ್ದು ಗಾನದಲ್ಲಿ. ದಖನಿ ಭಾಷೆಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹದಲ್ಲಿ ಹಾಡುಗಳು ರಾಗಗಳ ಹೆಸರಿನಡಿಯಲ್ಲಿ ಜೋಡಣೆಗೊಂಡಿವೆ. ಸರಸ್ವತಿಯನ್ನೂ ಗಣಪತಿಯನ್ನೂ ಶಿವನನ್ನೂ ಸ್ತುತಿಸುವ ಹಾಡುಗಳು ಅಲ್ಲಿವೆ, ಪ್ರವಾದಿಯವರ ಸ್ತುತಿಯಿದೆ, ಕಲಬುರಗಿಯ ಸಂತ ಬಂದೇ ನವಾಜರ ಗುಣಗಾನವಿದೆ. ಅರಸನ ಪತ್ನಿ ಚಾಂದ ಸುಲ್ತಾನಾ, ಅವನ ಪ್ರೀತಿಯ ಆನೆ ಆತಶ್ ಖಾನ್, ಅವನು ನುಡಿಸುತ್ತಿದ್ದ ತಂಬೂರಿ ಮೋತಿ ಖಾನ್ ಇವುಗಳಿಗೂ ಸ್ಥಾನ ದೊರೆತಿದೆ. ವಾದ್ಯಕ್ಕೆ ಮನುಷ್ಯರ ಹೆಸರಿಟ್ಟು ಹಾಡಿದ ಅರಸನ ಆಸಕ್ತಿ ಎಂತಹುದೆಂಬುದನ್ನು ವಾಚಕರೇ ಊಹಿಸಬಹುದು.

‘ನವರಸ್’ ಎಂಬ ಪದವನ್ನು ಅವನು ವಿಚಾರಪೂರ್ವಕವಾಗಿಯೇ ಆರಿಸಿಕೊಂಡಂತಿದೆ. ಭಾರತೀಯ ಅಲಂಕಾರಶಾಸ್ತ್ರವನ್ನು ಬಲ್ಲವನಿಗೆ ಅದು ಒಂಬತ್ತು ರಸಗಳು. ಪಾರ್ಸಿ ಬಲ್ಲವನಿಗೆ ಅದು ಹೊಸದಾಗಿ ಪಕ್ವವಾದದ್ದು. ಒಂದೇ ಶಬ್ದವನ್ನು ಇಬ್ಬರೂ ತಮ್ಮದೆಂದು ತಿಳಿಯಬಹುದು, ಯಾರೂ ಸೋತಂತಾಗುವುದಿಲ್ಲ. ಅರಮನೆಗೆ, ಮುದ್ರೆಗೆ, ಹೊನ್ನಿನ ನಾಣ್ಯಕ್ಕೆ ಕೂಡ ಅವನು ಇದೇ ಹೆಸರನ್ನಿಟ್ಟನು. ಅವನ ಆಸ್ಥಾನದಲ್ಲಿದ್ದು ಫಿರಿಷ್ತಾ ಬರೆದ ದೊಡ್ಡ ಇತಿಹಾಸಗ್ರಂಥಕ್ಕೂ ‘ನವರಸನಾಮಾ’ ಎಂಬ ಇನ್ನೊಂದು ಹೆಸರುಂಟು. ಇರಾನದಿಂದ ಬಂದ ಕವಿ ಜುಹೂರಿಯು ‘ಕಿತಾಬ್-ಎ-ನವರಸ್’ಗೆ ಪಾರ್ಸಿಯಲ್ಲಿ ಮುನ್ನುಡಿ ಬರೆದನು. ದಖನಿಯ ಹಾಡು, ಸಂಸ್ಕೃತದ ರಸಕಲ್ಪನೆ, ಪಾರ್ಸಿಯ ಮುನ್ನುಡಿ ಇವು ಒಂದೇ ಹೊತ್ತಗೆಯಲ್ಲಿ ಕೂಡಿದ್ದು ಸಾಮಾನ್ಯ ವಿಷಯವಲ್ಲ.

ಆ ಕಾಲದ ವಿಜಯಪುರವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಅಸದ್ ಬೇಗ್. ಅಕ್ಬರನ ಮಗ ದಾನಿಯಾಲನಿಗೆ ಗೊತ್ತಾಗಿದ್ದ ಆದಿಲ್‌ಶಾಹಿ ರಾಜಕುಮಾರಿಯ ವಿವಾಹದ ಸಂಬಂಧವಾಗಿ 1603-04ರ ಸುಮಾರಿನಲ್ಲಿ ಅವನು ರಾಯಭಾರಿಯಾಗಿ ಬಂದನು. ಮೂವತ್ತು ಗಜ ಅಗಲದ, ಸುಮಾರು ಎರಡು ಕ್ರೋಶ ಉದ್ದದ ಪೇಟೆಬೀದಿ, ಪ್ರತಿ ಅಂಗಡಿಯ ಮುಂದೊಂದು ಹಸಿರು ಮರ, ರತ್ನಪಡಿಗಳು, ಜವಳಿ ಅಂಗಡಿಗಳು, ಸುಗಂಧದ್ರವ್ಯದ ಮಳಿಗೆಗಳು ಇವೆಲ್ಲವನ್ನೂ ಅವನು ಬೆರಗಿನಿಂದ ವರ್ಣಿಸಿದ್ದಾನೆ. ವ್ಯಾಪಾರಸ್ಥರು ಓದಬೇಕಾದ ಭಾಗವದು. ಅರಸನು ಸಂಗೀತದಲ್ಲಿ ಎಷ್ಟು ಮಗ್ನನಾಗಿದ್ದನೆಂದರೆ ರಾಯಭಾರಿಯ ಮಾತಿಗೆ ಉತ್ತರ ಕೊಡುವುದೂ ಕಷ್ಟವಾಗಿತ್ತಂತೆ. ಕೇಳಿದ್ದು ತಾನಸೇನನ ವಿಷಯವನ್ನು. ಅಸದ್ ಬೇಗನು ವಿಜಯಪುರದಿಂದ ಅಕ್ಬರನಿಗಾಗಿ ಕೊಂಡೊಯ್ದ ವಸ್ತುಗಳಲ್ಲಿ ತಂಬಾಕು ಮತ್ತು ಅದನ್ನು ಸೇದುವ ಕೊಳವೆ ಸೇರಿದ್ದವು. ಆ ಸರಕಿನ ಬದಲು ನವರಸದ ಹಾಡುಗಳು ಉತ್ತರದಲ್ಲಿ ಅಷ್ಟೇ ವೇಗವಾಗಿ ಹರಡಿದ್ದರೆ ಚೆನ್ನಾಗಿತ್ತು!

ಇಬ್ರಾಹಿಮನನ್ನು ಪ್ರಜೆಗಳು ‘ಜಗದ್ಗುರು ಬಾದಶಹ’ ಎಂದು ಕರೆದರು. ಜೈನರಿಗೆ ಈ ಬಿರುದಿನಿಂದ ಮತ್ತೊಂದು ಪ್ರಸಂಗ ನೆನಪಾಗದಿರದು. ಅದೇ ಕಾಲಮಾನದಲ್ಲಿ, 1584ರಲ್ಲಿ, ಅಕ್ಬರನು ಶ್ವೇತಾಂಬರ ಆಚಾರ್ಯ ಹೀರವಿಜಯ ಸೂರಿಗಳಿಗೆ ‘ಜಗದ್ಗುರು’ ಬಿರುದನ್ನು ಅರ್ಪಿಸಿದನು. ಗುಜರಾತದಿಂದ ಬರಿಗಾಲಿನಲ್ಲಿ ವಿಹಾರ ಮಾಡುತ್ತ ಅವರು 1583ರಲ್ಲಿ ಫತೇಪುರ ಸಿಕ್ರಿಯನ್ನು ತಲುಪಿದ್ದರು. ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಲ್ಲಿಸುವ ಫರ್ಮಾನು ಹೊರಟದ್ದು ಅವರ ಉಪದೇಶದ ಫಲ. ಸಿಕ್ರಿಯಲ್ಲಿ ನಡೆದದ್ದು ವಾದ, ಪ್ರಶ್ನೆ, ಉತ್ತರ. ವಿಜಯಪುರದಲ್ಲಿ ನಡೆದದ್ದು ಗಾನ. ಮತಗಳ ನಡುವಣ ಮಾತುಕತೆಗೆ ಇವು ಎರಡು ಬೇರೆ ಬೇರೆ ದಾರಿಗಳು. ಮೊದಲನೆಯದರಲ್ಲಿ ವಿಚಾರ ಸ್ಪಷ್ಟವಾಗುತ್ತದೆ, ಆದರೆ ಪಾಲುಗೊಳ್ಳುವವರು ಪಂಡಿತರು ಮಾತ್ರ. ಎರಡನೆಯದರಲ್ಲಿ ವಿಚಾರ ಮಸುಕಾಗಬಹುದು, ಆದರೆ ಬೀದಿಯ ಜನರೂ ಕಿವಿಗೊಡುತ್ತಾರೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ದೂರ ಮಾಡಬೇಕು. ಸರಸ್ವತಿಯನ್ನು ಹಾಡಿದ ಮಾತ್ರಕ್ಕೆ ಇಬ್ರಾಹಿಮನು ತನ್ನ ಮತವನ್ನು ತೊರೆದನೆಂದು ಕೆಲವರು ಹೊಗಳಿಕೆಯ ಭರದಲ್ಲಿ ಹೇಳುವುದುಂಟು. ಅವನ ಸಮಾಧಿಯಾದ ಇಬ್ರಾಹಿಮ್ ರೋಜಾದ ಗೋಡೆಗಳನ್ನು ನೋಡಿದವರು ಹಾಗೆ ಹೇಳಲಾರರು. ಅಲ್ಲಿ ಕುರಾನಿನ ವಾಕ್ಯಗಳು ಕಲ್ಲಿನಲ್ಲಿ ಅರಳಿವೆ. ಅವನು ಮುಸಲ್ಮಾನನಾಗಿಯೇ ಬಾಳಿದನು. ತನ್ನ ನೆಲೆಯನ್ನು ಬಿಡದೆ ಮತ್ತೊಬ್ಬರ ನೆಲೆಯಿಂದ ಕಾಣುವ ಸತ್ಯಕ್ಕೆ ಅವಕಾಶ ಕೊಡುವುದು ಸ್ಯಾದ್ವಾದವನ್ನು ಅಭ್ಯಸಿಸಿದವರಿಗೆ ಹೊಸ ಪಾಠವಲ್ಲ. ಎಲ್ಲವನ್ನೂ ಕಲಸಿ ಒಂದು ಮಾಡುವುದು ಬೇರೆ, ಇದು ಬೇರೆ.

ಹಾಗೆಂದು ಆ ರಾಜ್ಯದ ಕತೆಯೆಲ್ಲ ರಾಗಮಾಲೆಯಾಗಿತ್ತೆಂದು ಬರೆದರೆ ಅದೂ ಅಸತ್ಯವಾದೀತು. ಆದಿಲ್‌ಶಾಹಿಗಳಿಗಿಂತ ಬಹಳ ಮುಂಚೆ, 1320ರಲ್ಲಿ, ವಿಜಯಪುರದ ಕೋಟೆಯೊಳಗೆ ಎದ್ದ ಕರೀಮುದ್ದೀನನ ಮಸೀದಿಯಲ್ಲಿ ದೇವಾಲಯಗಳ ಕಂಬಗಳು ಇಂದಿಗೂ ನಿಂತಿವೆ. ಇಬ್ರಾಹಿಮನೂ ಯುದ್ಧ ಮಾಡಿದವನೇ. 1619ರಲ್ಲಿ ಬೀದರ್ ರಾಜ್ಯವನ್ನು ವಶಪಡಿಸಿಕೊಂಡವನೇ. ಅದೇ ನಗರದ ಹೊರವಲಯದಲ್ಲಿ ದರ್ಗಾ ಎಂಬ ಹೆಸರಿನ ಊರಿನಲ್ಲಿಯೇ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ಬಸದಿಯಿದೆ. ಕಂಬಗಳನ್ನೂ ಬಸದಿಯನ್ನೂ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜಮೆಯನ್ನಷ್ಟೇ ಬರೆದು ಖರ್ಚನ್ನು ಮರೆಮಾಚಿದ ಖಾತೆ ಯಾವ ತನಿಖೆಗೂ ನಿಲ್ಲದು.

ಲೆಕ್ಕದ ಮಾತು ಬಂದುದರಿಂದ ಇದನ್ನೂ ಹೇಳಬಹುದು. ಈತನ ಪೂರ್ವಜನಾದ ಮೊದಲನೆಯ ಇಬ್ರಾಹಿಮನು (1534–1558) ರಾಜ್ಯದ ಲೆಕ್ಕಪತ್ರಗಳನ್ನು ಪಾರ್ಸಿಯಿಂದ ದೇಶಭಾಷೆಗೆ ಬದಲಿಸಿದನೆಂದು ಫಿರಿಷ್ತಾ ತಿಳಿಸುತ್ತಾನೆ. ಇದರಿಂದ ಸ್ಥಳೀಯ ಲೆಕ್ಕಿಗರಿಗೆ ಆಡಳಿತದಲ್ಲಿ ಕೈ ದೊರೆಯಿತು. ಹಬ್ಬಕ್ಕಿಂತ ಈ ಕಿರುಕೆಲಸವೇ ಜನರನ್ನು ಹೆಚ್ಚು ಬೆಸೆದಿರಬಹುದು. ಪ್ರತಿನಿತ್ಯ ಒಂದೇ ಕಡತದ ಮುಂದೆ ಕುಳಿತವರು ಪರಸ್ಪರ ಅಪರಿಚಿತರಾಗಿ ಉಳಿಯುವುದು ಕಷ್ಟ.

ನವರಸಪುರ ಬಹುಕಾಲ ಬಾಳಲಿಲ್ಲ. 1624ರಲ್ಲಿ ಅಹಮದನಗರದ ಮಂತ್ರಿ ಮಲಿಕ್ ಅಂಬರನ ಸೈನ್ಯ ಅದನ್ನು ಕೊಳ್ಳೆಹೊಡೆದು ಹಾಳುಗೆಡವಿತು. ದಾಳಿಮಾಡಿದವನೂ ಮುಸಲ್ಮಾನನೇ ಎಂಬುದನ್ನು ಗಮನಿಸಬೇಕು. ಆ ಕಾಲದ ಯುದ್ಧಗಳೆಲ್ಲವನ್ನೂ ಮತದ ಅಳತೆಗೋಲಿನಿಂದ ಅಳೆಯುವವರಿಗೆ ಇದು ತೊಡಕಿನ ಪ್ರಸಂಗ. ಮೂರು ವರ್ಷಗಳ ನಂತರ ಇಬ್ರಾಹಿಮನೂ ತೀರಿಕೊಂಡನು. ಉತ್ಸವ ಅರಸನ ಬೊಕ್ಕಸವನ್ನು ನಂಬಿಕೊಂಡಿತ್ತು. ಅರಸನೊಡನೆ ಅದೂ ಹೋಯಿತು. ಇತ್ತೀಚಿನ ದಶಕಗಳಲ್ಲಿ ರಾಜ್ಯ ಸರಕಾರವು ನವರಸಪುರ ಉತ್ಸವವೆಂಬ ಹೆಸರಿನಿಂದ ವಿಜಯಪುರದಲ್ಲಿ ಸಂಗೀತ ನೃತ್ಯಗಳನ್ನು ಏರ್ಪಡಿಸಿದ್ದುಂಟು. ಅದು ಕೂಡ ಪ್ರತಿವರ್ಷ ತಪ್ಪದೆ ನಡೆದುಬಂದಿಲ್ಲ. ಅನುದಾನದ ಹಬ್ಬಕ್ಕೆ ಅನುದಾನದಷ್ಟೇ ಆಯುಸ್ಸು.

ಇಬ್ರಾಹಿಮನ ಆಳ್ವಿಕೆಯಲ್ಲಿಯೇ, 1610ರಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಪ್ರಾರಂಭಿಸಿದರು. ಮುಂದೆ ಅದೇ ದಸರೆಗೆ ಮೈಸೂರಿನ ಅರಮನೆಗೆ ಬಂದು ಹಾಡಿದ ಅಬ್ದುಲ್ ಕರೀಂ ಖಾನರು ಕರ್ನಾಟಕ ಸಂಗೀತದ ಸೊಗಸಿಗೆ ಮಾರುಹೋದರು. ಈ ಹಬ್ಬ ಅರಸೊತ್ತಿಗೆ ಹೋದ ಮೇಲೂ ಉಳಿದಿದೆ, ಏಕೆಂದರೆ ಊರಿನ ಜನ ಅದನ್ನು ತಮ್ಮದಾಗಿಸಿಕೊಂಡರು.

ಬೀದರಿನ ಬಳಿಯ ಅಷ್ಟೂರಿನಲ್ಲಿ ಇದಕ್ಕಿಂತಲೂ ಹಳೆಯದೊಂದು ದೃಷ್ಟಾಂತವಿದೆ. 1436ರಲ್ಲಿ ಗತಿಸಿದ ಬಹಮನಿ ಸುಲ್ತಾನ ಅಹಮದ್ ಶಾಹನನ್ನು ಮುಸಲ್ಮಾನರು ವಲಿಯೆಂದು ಗೌರವಿಸಿದರೆ, ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭುವಿನ ಸ್ವರೂಪವೆಂದು ಪೂಜಿಸುತ್ತಾರೆ. ಅವನ ಉರುಸು ನಡೆಯುವುದು ಹಿಜರಿ ತಿಂಗಳಿನ ಲೆಕ್ಕದಂತಲ್ಲ, ಹೋಳಿಯ ನಂತರ, ಇಲ್ಲಿಯ ಪಂಚಾಂಗದಂತೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರೊಬ್ಬರು ಭಕ್ತರೊಡನೆ ಕಾಲ್ನಡಿಗೆಯಲ್ಲಿ ಬಂದು ಗುಮ್ಮಟದೊಳಗೆ ಕಾಯಿ ಒಡೆಯುತ್ತಾರೆ, ಶಂಖ ಊದುತ್ತಾರೆ. ಪಕ್ಕದಲ್ಲಿ ಫಾತಿಹಾ ಓದುವವರು ತಮ್ಮ ಸರದಿಗಾಗಿ ಕಾದು ನಿಲ್ಲುತ್ತಾರೆ.