ದಂಡಿನ ಸೀಬೆಪಾಕ

ಭಾದ್ರಪದದ ಮಳೆ ಹಿಂದೆಗೆದು ಆಶ್ವಯುಜ ಕಾಲಿಡುವ ಹೊತ್ತಿಗೆ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಕಣ್ಣು ಮುಚ್ಚಿಕೊಂಡು ಹೋದರೂ ಸರಿಯೇ, ಸೀಬೆಹಣ್ಣಿನ ಅಂಗಡಿ ಎಲ್ಲಿದೆಯೆಂದು ಮೂಗು ಹೇಳುತ್ತದೆ. ಮಾವಿನ ದೊಡ್ಡಸ್ತಿಕೆ ಈ ಹಣ್ಣಿಗಿಲ್ಲ. ಬಡವರ ಮಕ್ಕಳು ಬೇಲಿ ಹಾರಿ ಕದ್ದು ತಿಂದ ಹಣ್ಣು ಇದು. ಉಪ್ಪು ಕಾರ ಹಚ್ಚಿಕೊಂಡು ಬೀದಿಯಲ್ಲಿ ನಿಂತು ತಿನ್ನುವ ಹಣ್ಣು. ಇಂಥ ಹಣ್ಣಿಗೆ ಬೆಂಗಳೂರಿನ ಪೂರ್ವಭಾಗದ ಅಡುಗೆಮನೆಗಳಲ್ಲಿ ಒಂದು ರಾಜಮರ್ಯಾದೆ ಹೇಗೆ ಸಂದಿತೆಂಬುದು ಕೇಳತಕ್ಕ ಕಥೆ.

ನಮ್ಮ ಪೇಟೆಯ ಜನ ‘ದಂಡು’ ಎಂದು ಕರೆಯುತ್ತಿದ್ದ ಪ್ರದೇಶದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಇದಕ್ಕೆ ‘ಗ್ವಾವಾ ಚೀಸ್’ ಎಂದು ಹೆಸರು. ಹಣ್ಣನ್ನು ಬೇಯಿಸಿ, ಸೋಸಿ, ಸಕ್ಕರೆ ಬೆರೆಸಿ, ನಿಂಬೆರಸ ಹಿಂಡಿ, ಮನೆತನದ ರೂಢಿಯಂತೆ ಚಕ್ಕೆಯನ್ನೋ ಲವಂಗವನ್ನೋ ಹಾಕಿ ಕಾಯಿಸುತ್ತಾರೆ. ಬೇಗ ಇಳಿಸಿದರೆ ರೊಟ್ಟಿಗೆ ಸವರುವ ಪಾಕ. ಇನ್ನಷ್ಟು ಕಾಯಿಸಿದರೆ ತಟ್ಟೆಯಲ್ಲಿ ಹರಡಿ ಬರ್ಫಿಯಂತೆ ಕತ್ತರಿಸುವ ಗಟ್ಟಿ ತಿನಿಸು. ಅಮೆರಿಕದಲ್ಲಿ ಪೆನ್ಸಿಲ್ವೇನಿಯದ ಜರ್ಮನ್ ಮೂಲದ ರೈತರು ಎಲೆ ಉದುರುವ ಕಾಲದಲ್ಲಿ ತಾಮ್ರದ ಕೊಪ್ಪರಿಗೆಯಿಟ್ಟು ಸೇಬನ್ನು ಚಕ್ಕೆ ಲವಂಗಗಳೊಡನೆ ದಿನವಿಡೀ ಕುದಿಸಿ ‘ಆಪಲ್ ಬಟರ್’ ಮಾಡುತ್ತಾರಂತೆ. ಒಂದರ ಹೆಸರು ಬೆಣ್ಣೆ, ಇನ್ನೊಂದರ ಹೆಸರು ಗಿಣ್ಣು. ಎರಡಕ್ಕೂ ಹಸುವಿನ ಹಂಗಿಲ್ಲ! ದಂಡಿನವರು ಕಡೆಗೆ ಒಂದು ಚಮಚ ಬೆಣ್ಣೆ ಹಾಕುವುದುಂಟು, ಅದು ತಳ ಹಿಡಿಯದಿರಲೆಂದು ಮಾತ್ರ.

ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಸೇಬು ಬೆಳೆಯುತ್ತಿತ್ತು. ಓಹಾಯೋ ಸೀಮೆಯ ‘ರೋಮ್ ಬ್ಯೂಟಿ’ ತಳಿ ಇಲ್ಲಿನ ತೋಟಗಳಲ್ಲಿ ಕಾಯಿ ಬಿಡುತ್ತಿತ್ತೆಂದರೆ ಇಂದಿನವರು ನಗುತ್ತಾರೆ. ಆದರೂ ಇಲ್ಲಿಯ ಪಾಕ ಸೇಬಿನದಾಗಲಿಲ್ಲ, ಸೀಬೆಯದಾಯಿತು. ಅದಕ್ಕೆ ಕಾರಣವನ್ನು ಇಂಗ್ಲೆಂಡಿನಲ್ಲಿ ಹುಡುಕುವುದಕ್ಕಿಂತ ಪೋರ್ಚುಗಲ್ಲಿನಲ್ಲಿ ಹುಡುಕುವುದು ಲೇಸು. ಅಲ್ಲಿ ‘ಮಾರ್ಮೆಲು’ ಎಂಬ ಒಗರು ಹಣ್ಣಿನಿಂದ ‘ಮಾರ್ಮೆಲಾಡ’ ಎಂಬ ಗಟ್ಟಿಪಾಕ ಮಾಡುವುದು ಹಳೆಯ ಪದ್ಧತಿ; ಇಂಗ್ಲಿಷರ ಮಾರ್ಮಲೇಡ್ ಶಬ್ದ ಬಂದದ್ದು ಅಲ್ಲಿಂದಲೇ. ಬ್ರೆಜಿಲಿಗೆ ಹೋದ ಪೋರ್ಚುಗೀಸರಿಗೆ ಆ ಹಣ್ಣು ಸಿಗದೆ ಸೀಬೆ ಸಿಕ್ಕಿತು. ಅದೇ ಹಣ್ಣನ್ನು ಅವರು ಹಡಗಿನಲ್ಲಿ ನಮ್ಮ ಕರಾವಳಿಗೂ ತಂದರು. ಗೋವೆಯಲ್ಲಿಯೂ ಮಂಗಳೂರಿನ ಕ್ರೈಸ್ತರಲ್ಲಿಯೂ ಕ್ರಿಸ್ಮಸ್ಸಿಗೆ ಮಾಡುವ ‘ಪೆರಾಡ್’ ಇದರ ಸಂತಾನ. ಪೋರ್ಚುಗೀಸರ ಮರಸೇಬು ‘ಪೆರ’ದ ಹೆಸರೇ ನಮ್ಮ ಉತ್ತರದ ಸೀಮೆಯಲ್ಲಿ ‘ಪೇರಲ’ವಾಗಿ ಉಳಿದಿದೆ. ಕಲ್ಲಹಳ್ಳಿಯ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಬರೆದದ್ದು 1508ರ ಸುಮಾರಿನಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಪಾಪ, ಅಷ್ಟು ಬಗೆಯ ಅಡುಗೆ ಬಲ್ಲ ಮಂಗರಸನಿಗೆ ಸೀಬೆಯ ರುಚಿ ನೋಡುವ ಯೋಗವಿರಲಿಲ್ಲ.

ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಕಂಪನಿಯ ಸೈನ್ಯ 1809ರ ವೇಳೆಗೆ ಹಲಸೂರಿನ ಪಕ್ಕದ ಬಯಲಿಗೆ ಬಂದು ಬೀಡುಬಿಟ್ಟಿತು. ಹಲಸಿನ ಮರಗಳಿಂದ ಹೆಸರು ಪಡೆಯಿತೆಂದು ಜನ ಹೇಳುವ ಊರು ಅದು. ಆದರೆ ಸಾಹೇಬರ ಮೇಜಿಗೆ ಹಲಸಿನಹಣ್ಣಿನ ವಾಸನೆ ಸೇರಲಿಲ್ಲ. ಮದರಾಸಿನ ದಂಡಿನೊಡನೆ ತಮಿಳು ಬಾಣಸಿಗರು, ಬಟ್ಲರುಗಳು, ಆಯಾಗಳು ಬಂದರು. ಪೋರ್ಚುಗೀಸ್ ಮನೆತನದ ಹೆಸರು ಹೊತ್ತ ಮಿಶ್ರಸಂತತಿಯ ಕುಟುಂಬಗಳೂ ಬಂದವು. ಈ ಪಾಕ ಕರಾವಳಿಯಿಂದ ದಂಡಿಗೆ ಬಂದದ್ದು ಅವರ ಕೈಯಲ್ಲೇ ಎಂಬುದು ನನ್ನ ಊಹೆ. ಇಂಗ್ಲಿಷರು ಕೊಟ್ಟದ್ದು ‘ಚೀಸ್’ ಎಂಬ ಹೆಸರನ್ನು. ಅವರ ನಾಡಿನಲ್ಲಿ ಡ್ಯಾಮ್ಸನ್ ಎಂಬ ಕಾಡುಪ್ಲಮ್ಮಿನ ಗಟ್ಟಿಪಾಕಕ್ಕೆ ಅದೇ ಹೆಸರಿತ್ತು.

ಸಕ್ಕರೆಗೆ ಬಹಳ ದೂರ ಹೋಗಬೇಕಾಗಿರಲಿಲ್ಲ. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಿಂದಲೇ ಅಷ್ಟಗ್ರಾಮದ ಕಾರ್ಖಾನೆ ನಮ್ಮ ರೈತರ ಬೆಲ್ಲವನ್ನು ಸಕ್ಕರೆ ಮಾಡುತ್ತಿತ್ತು. ಬಂಗಲೆಗಳ ಹಿತ್ತಲಲ್ಲಿ ಸೀಬೆಮರ ಸಾಮಾನ್ಯ. 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ, ಕೃಷ್ಣರಾಜಪುರದಿಂದಾಚೆ, ವೈಟ್‌ಫೀಲ್ಡ್ ಹುಟ್ಟಿತು. ಮದರಾಸಿನ ಡಿ. ಎಸ್. ವೈಟ್ ತನ್ನ ಜನ ಕಚೇರಿಯ ಗುಮಾಸ್ತಿಕೆಯನ್ನೇ ನಂಬಿ ಕೂರದೆ ಮಣ್ಣನ್ನು ನಂಬಿ ಬಾಳಲಿ ಎಂದು ಬಯಸಿದ್ದ.

ಈಗ ಒಲೆಯ ಮುಂದಿನ ವಿಷಯ. ಪೂರ್ತಿ ಹಣ್ಣಾದ ಸೀಬೆಯೊಂದೇ ಪಾಕಕ್ಕೆ ಬಾರದು, ಅರೆಗಾಯಿ ಬೆರೆಯಬೇಕು. ಹಣ್ಣನ್ನು ಹೆಪ್ಪುಗಟ್ಟಿಸುವ ಪೆಕ್ಟಿನ್ ಎಂಬ ಸತ್ವ ಕಾಯಿ ಮಾಗಿದಂತೆ ಕರಗಿಹೋಗುತ್ತದೆ. 1825ರಲ್ಲಿ ಫ್ರಾನ್ಸಿನ ಬ್ರಾಕೊನೊ ಇದಕ್ಕೆ ಹೆಸರಿಟ್ಟ. ಅರೆಗಾಯಿಯನ್ನು ಬೆರೆಸಬೇಕೆಂಬುದನ್ನು ಬಾಣಸಿಗನ ಕೈ ಅವನ ನೆರವಿಲ್ಲದೆಯೇ ಕಲಿತಿತ್ತು. ಹುಳಿಯಿಲ್ಲದೆ ಪೆಕ್ಟಿನ್ ಕೂಡಿಕೊಳ್ಳದು, ಆದ್ದರಿಂದ ನಿಂಬೆ. ಹುಳಿ ತಾಮ್ರವನ್ನು ತಿನ್ನುತ್ತದೆ, ಆದ್ದರಿಂದ ಪಾತ್ರೆಗೆ ಕಲಾಯಿ.

ಮೇಮ್‌ಸಾಹೇಬರ ಕೈಪಿಡಿಗಳ ಕಾಲ 1870ರ ನಂತರದ್ದು. ‘ವೈವರ್ನ್’ ಎಂಬ ಹೆಸರಿನಲ್ಲಿ ಕರ್ನಲ್ ಕೆನ್ನಿ-ಹರ್ಬರ್ಟ್ ಮದರಾಸಿನವರಿಗಾಗಿ 1878ರಲ್ಲಿ ಪಾಕಪುಸ್ತಕ ಪ್ರಕಟಿಸಿದ. ಆಮೇಲೆ ಹಲವು ಬಂದವು. ಆ ಮುಖಪುಟಗಳಲ್ಲಿ ಸೌಟು ಹಿಡಿದವನ ಹೆಸರಿಲ್ಲ. ಆದರೆ ಬೆಂಗಳೂರಿನಲ್ಲಿ ಸರಿಯಾದದ್ದು ಅವನ ಲೆಕ್ಕವೇ. ಸಮುದ್ರಮಟ್ಟದಲ್ಲಿ ಜಾಮು ಪಾಕಕ್ಕೆ ಬರುವುದು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಊರು ಸಮುದ್ರದಿಂದ ಸುಮಾರು 920 ಮೀಟರ್ ಎತ್ತರ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಪಾಕವೂ ಆ ಲೆಕ್ಕದಲ್ಲಿ 102ಕ್ಕೇ ಬಂದುಬಿಡುತ್ತದೆ. ಸೀಮೆಯ ಉಷ್ಣಮಾಪಕವನ್ನೂ ಸೀಮೆಯ ಪುಸ್ತಕವನ್ನೂ ನಂಬಿ ಕೂತವರಿಗೆ ದಕ್ಕುವುದು ಹಲ್ಲಿಗಂಟುವ ಕಲ್ಲು. ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಿಂದ ಒತ್ತಿ ನೋಡಿದವನಿಗೆ ಎತ್ತರವೂ ತಗ್ಗೂ ಒಂದೇ.

1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಕೆಳಗೆ ಬಂದವು. ಮುಂದಿನ ವರ್ಷಗಳಲ್ಲಿ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಹಡಗು ಹತ್ತಿದವು. ಇತ್ತ ಶೀಸೆಯ ಜಾಮು ಮನೆಮನೆಗೂ ಬಂದಿತು. ಅದರಲ್ಲಿ ನೂರಕ್ಕೆ 45 ಭಾಗವಾದರೂ ಹಣ್ಣಿರಬೇಕೆಂದು ಸರಕಾರ 1955ರ ಆಜ್ಞೆಯಲ್ಲಿ ವಿಧಿಸಬೇಕಾಯಿತು. ಬಿನ್ನಮಂಗಲ, ದೂಪನಹಳ್ಳಿಗಳ ಹೊಲಗಳ ಮೇಲೆ ಇಂದಿರಾನಗರ ಎದ್ದಿತು. ಕುಕ್ ಟೌನು, ರಿಚರ್ಡ್ಸ್ ಟೌನುಗಳ ಎಷ್ಟೋ ಬಂಗಲೆಗಳು ಉರುಳಿ ಮಹಡಿಮನೆಗಳಾದವು. ಬಂಗಲೆ ಉರುಳಿದರೆ ಪಟ ತೆಗೆದಿಡುವವರಿದ್ದಾರೆ. ಹಿತ್ತಲ ಸೀಬೆಮರಕ್ಕೆ ಯಾರಿದ್ದಾರೆ? ಅಂಥ ಒಂದು ಮರದ ಕೆಳಗೆ ನಾನು ಚಿಕ್ಕಂದಿನಲ್ಲಿ ಕಾಯಿ ಆಯ್ದಿದ್ದೇನೆ. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

ಆ ಮನೆಯ ಹಿರಿಯಾಕೆ ತೊಂಬತ್ತರ ಹತ್ತಿರ ಬಂದು, ಅದೇ ಬಡಾವಣೆಯ ಎರಡು ಕೋಣೆಗಳಲ್ಲಿ ಇದ್ದಾರೆ. ಕೈ ನಡುಗುವುದರಿಂದ ಸೌಟು ಹಿಡಿದು ವರ್ಷಗಳಾದುವಂತೆ. ಕಳೆದ ವರ್ಷ ನಾನೇ ಎರಡು ಕಿಲೋ ಹಣ್ಣು ತಂದು ಬೇಯಿಸಿದೆ. ಬೀಜ ಸೋಸುವುದರಲ್ಲೇ ರಟ್ಟೆ ಬಿತ್ತು. ಸೋಸಿದ ತಿರುಳಿನ ಮುಕ್ಕಾಲು ತೂಕ ಸಕ್ಕರೆ, ಎರಡು ನಿಂಬೆಹಣ್ಣು, ಒಂದು ಚೂರು ಚಕ್ಕೆ, ನಾಲ್ಕು ಲವಂಗ. ಕುದಿಯುವ ಪಾಕ ಮುಂಗೈಗೆ ಹಾರಿ ಬೊಬ್ಬೆಯೆದ್ದಿತು. ಗಂಟೆಯ ಮೇಲೆ ಪಾಕ ಅಂಚು ಬಿಟ್ಟು ನಡುವೆ ಮುದ್ದೆಯಾಗಿ, ಬಣ್ಣ ಇಟ್ಟಿಗೆಯಂತೆ ಕೆಂಪಾದಾಗ, ಇಷ್ಟೆಲ್ಲಾ ತಿಳಿದೂ ಉಷ್ಣಮಾಪಕದ ಕಡೆಗೊಮ್ಮೆ ನೋಡಿ ಇನ್ನಷ್ಟು ಹೊತ್ತು ಬಿಟ್ಟೆ.

ಎಣ್ಣೆಕಾಗದದಲ್ಲಿ ಸುತ್ತಿ ಒಯ್ದು ಕೊಟ್ಟೆ. ಆಕೆ ಒಂದು ತುಂಡನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ, ಎರಡು ನಿಮಿಷ ಮೊದಲು ಇಳಿಸಬೇಕಿತ್ತು ಎಂದರು. ಉಳಿದ ತುಂಡುಗಳನ್ನು ಎಣಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಮಂಚದ ಕೆಳಗೆ ಇಟ್ಟುಕೊಂಡರು.