ಅಭಿನಂದಿಸುವ ಮುನ್ನ: ವಿವಾದಿತ ಫಲಿತಾಂಶ ಮತ್ತು ಮೆಕ್ಸಿಕೊದ ಕಾಯುವ ನೀತಿ

2020ರ ನವೆಂಬರ್ 7ರ ಶನಿವಾರ ಜೋ ಬೈಡನ್ ಗೆದ್ದರೆಂದು ಅಮೆರಿಕದ ಸುದ್ದಿವಾಹಿನಿಗಳು ಪ್ರಕಟಿಸಿದವು. ಅದೇ ದಿನ ಕೆನಡಾ, ಬ್ರಿಟನ್, ಜರ್ಮನಿ, ಫ್ರಾನ್ಸ್, ಭಾರತಗಳ ನಾಯಕರು ಅವರನ್ನು ಅಭಿನಂದಿಸಿದರು. ಸೋತ ಅಭ್ಯರ್ಥಿ ಟ್ರಂಪ್ ಸೋಲನ್ನು ಒಪ್ಪಿರಲಿಲ್ಲ, ಹಲವು ರಾಜ್ಯಗಳ ನ್ಯಾಯಾಲಯಗಳಲ್ಲಿ ತಕರಾರು ಅರ್ಜಿಗಳು ಬಾಕಿಯಿದ್ದವು. ಅಂದು ಟಬಾಸ್ಕೊ ರಾಜ್ಯದ ಪ್ರವಾಸದಲ್ಲಿದ್ದ ಮೆಕ್ಸಿಕೊದ ಅಧ್ಯಕ್ಷ ಆಂಡ್ರೆಸ್ ಮ್ಯಾನುಯೆಲ್ ಲೋಪೆಸ್ ಒಬ್ರಡೋರ್, ಕಾನೂನಿನ ವಿಷಯಗಳೆಲ್ಲ ಇತ್ಯರ್ಥವಾಗುವ ತನಕ ತಾವು ಕಾಯುವುದಾಗಿ ಹೇಳಿದರು. ಟ್ರಂಪ್ ಅವರಿಗೆ ಅಂಜಿ ಹೀಗೆ ಮಾಡಿದರೆಂದು ಟೀಕಾಕಾರರು ಆಡಿಕೊಂಡರು.

ಆ ಕಾಯುವಿಕೆಗೆ ಒಂದು ಇತಿಹಾಸವಿತ್ತು; ಕೊನೆಯ ದಿನವೂ ಇತ್ತು. ನಾಲ್ಕು ವರ್ಷಗಳ ಬಳಿಕ ವೆನೆಜುವೆಲಾದ ಫಲಿತಾಂಶದ ಎದುರು ಅದೇ ಅಧ್ಯಕ್ಷರು ಮತ್ತೆ ಕಾದರು, ಆದರೆ ಆಗ ಕೊನೆಯ ದಿನವಿರಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ. ಹೊರದೇಶದವರು ಅಭಿನಂದಿಸಬೇಕೇ ಖಂಡಿಸಬೇಕೇ ಎಂಬ ಪ್ರಶ್ನೆಯ ಸುತ್ತಲೇ ಇಂಥ ಚರ್ಚೆಗಳು ಗಿರಕಿ ಹೊಡೆಯುತ್ತವೆ. ಯಾರ ತೀರ್ಮಾನಕ್ಕಾಗಿ, ಯಾವ ದಾಖಲೆಗಾಗಿ, ಎಲ್ಲಿಯ ತನಕ ಕಾಯುವುದು ಎಂದು ಕೇಳುವವರು ಕಡಿಮೆ. ಕಾಯುವುದರಿಂದ ಏನಾದರೂ ಪ್ರಯೋಜನವಾಯಿತೇ ಎಂಬುದನ್ನು ನಿರ್ಧರಿಸುವುದು ಈ ಎರಡನೆಯ ಪ್ರಶ್ನೆಯೇ ಎಂದು ನನಗೆ ಅನ್ನಿಸುತ್ತದೆ.

ಮೆಕ್ಸಿಕೊದ ನಿಲುವಿನ ಬೇರು 1930ರ ಸೆಪ್ಟೆಂಬರ್ 27ರ ಒಂದು ಹೇಳಿಕೆಯಲ್ಲಿದೆ. ಆ ವರ್ಷ ಬೊಲಿವಿಯಾ, ಪೆರು, ಅರ್ಜೆಂಟೀನಾಗಳಲ್ಲಿ ಒಂದರ ಹಿಂದೊಂದು ಸರ್ಕಾರಗಳು ಉರುಳಿ ಸೈನ್ಯದವರು ಅಧಿಕಾರಕ್ಕೆ ಬಂದಿದ್ದರು. ಹೊಸ ಸರ್ಕಾರಕ್ಕೆ ಮಾನ್ಯತೆ ಕೊಡುವುದು, ತಡೆಹಿಡಿಯುವುದು ಎರಡೂ ಇನ್ನೊಂದು ದೇಶದ ಸಾರ್ವಭೌಮತ್ವಕ್ಕೆ ಅವಮಾನ; ಮೆಕ್ಸಿಕೊ ತನ್ನ ರಾಯಭಾರಿಗಳನ್ನು ಅಲ್ಲಿ ಉಳಿಸಿಕೊಳ್ಳುತ್ತದೆ ಇಲ್ಲವೇ ವಾಪಸು ಕರೆಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿನ ತೀರ್ಪು ಕೊಡುವುದಿಲ್ಲ ಎಂದು ವಿದೇಶಾಂಗ ಸಚಿವ ಹೆನಾರೊ ಎಸ್ಟ್ರಾಡಾ ಸಾರಿದರು. ಇದು ಪುಸ್ತಕದಿಂದ ಎತ್ತಿಕೊಂಡ ತತ್ತ್ವವಾಗಿರಲಿಲ್ಲ. 1913ರಲ್ಲಿ ಮೆಕ್ಸಿಕೊದ ಹುಯೆರ್ಟಾ ಸರ್ಕಾರವನ್ನು ಮಾನ್ಯ ಮಾಡಲು ಅಮೆರಿಕದ ಅಧ್ಯಕ್ಷ ವಿಲ್ಸನ್ ನಿರಾಕರಿಸಿದ್ದರು. 1920ರಲ್ಲಿ ಅಧಿಕಾರಕ್ಕೆ ಬಂದ ಒಬ್ರೆಗೋನ್ ಅವರಿಗೆ ವಾಷಿಂಗ್ಟನ್ನಿನ ಮಾನ್ಯತೆ ಸಿಕ್ಕಿದ್ದು 1923ರಲ್ಲಿ, ತೈಲ ಮತ್ತು ಜಮೀನಿನ ಹಕ್ಕುಗಳ ಬಗ್ಗೆ ಬುಕರೆಲಿ ಬೀದಿಯಲ್ಲಿ ತಿಂಗಳುಗಟ್ಟಲೆ ನಡೆದ ಮಾತುಕತೆಯ ನಂತರ. ಮಾನ್ಯತೆಯನ್ನು ಮುಂದಿಟ್ಟು ಚೌಕಾಸಿ ಮಾಡುವುದನ್ನು ಮೆಕ್ಸಿಕೊ ಸ್ವತಃ ಉಂಡು ಅರಿತಿತ್ತು. ಆದರೂ ಈ ಸಿದ್ಧಾಂತ ಎಲ್ಲ ಕಾಲಕ್ಕೂ ಒಂದೇ ಸಮನೆ ನಡೆಯಲಿಲ್ಲ. ಫ್ರಾಂಕೊನ ಸ್ಪೇನನ್ನು ಮೆಕ್ಸಿಕೊ ಒಪ್ಪಲಿಲ್ಲ, ದೇಶಭ್ರಷ್ಟ ಗಣರಾಜ್ಯದ ಜೊತೆಗಿನ ನಂಟನ್ನೇ 1977ರವರೆಗೆ ಉಳಿಸಿಕೊಂಡಿತು. ಪಿನೊಶೆಯ ಚಿಲಿಯೊಡನೆ 1974ರಲ್ಲಿ ಸಂಬಂಧ ಕಡಿದುಕೊಂಡಿತು. ಎರಡೂ ಕಡೆ ಅದು ನ್ಯಾಯದ ಪರ ನಿಂತಿತೆಂದೇ ನಾನು ಭಾವಿಸುತ್ತೇನೆ. ತೀರ್ಪು ಕೊಡುವುದಿಲ್ಲ ಎಂದವರಿಗೂ ಕೆಲವೊಮ್ಮೆ ತೀರ್ಪು ಕೊಡದೆ ವಿಧಿಯಿಲ್ಲ.

ಲೋಪೆಸ್ ಒಬ್ರಡೋರ್ ಅವರಿಗೆ ಎಸ್ಟ್ರಾಡಾಗಿಂತ ಹತ್ತಿರದ ಪಾಠವೊಂದಿತ್ತು. 2006ರ ಜುಲೈ 2ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಫೆಲಿಪೆ ಕಾಲ್ಡೆರೋನ್ ಎದುರು ನಿಂತಿದ್ದರು. ಜುಲೈ 6ಕ್ಕೆ ಮುಗಿದ ಜಿಲ್ಲಾವಾರು ಲೆಕ್ಕದಲ್ಲಿ ಅಂತರ ಶೇ. 0.58. ಮೆಕ್ಸಿಕೊದ ಕಾನೂನಿನಲ್ಲಿ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಮತ ಎಣಿಸುವ ಸಂಸ್ಥೆಗೆ ಯಾರನ್ನೂ ಚುನಾಯಿತ ಅಧ್ಯಕ್ಷರೆಂದು ಘೋಷಿಸುವ ಅಧಿಕಾರವಿಲ್ಲ. ಆ ಅಧಿಕಾರ ಚುನಾವಣಾ ನ್ಯಾಯಮಂಡಳಿಯದು, ಅದೂ ತಕರಾರುಗಳ ವಿಚಾರಣೆ ಮುಗಿದ ಮೇಲೆ. ಆದರೆ ಅಮೆರಿಕದ ಬುಷ್, ಕೆನಡಾದ ಹಾರ್ಪರ್, ಸ್ಪೇನಿನ ಸಪಟೇರೊ ಜುಲೈಯಲ್ಲೇ ಕಾಲ್ಡೆರೋನ್ ಅವರಿಗೆ ಅಭಿನಂದನೆ ತಿಳಿಸಿದರು. ಮರುಎಣಿಕೆಗೆ ಒತ್ತಾಯಿಸಿ ಸೋತ ಪಕ್ಷದವರು ರಾಜಧಾನಿಯ ರೆಫಾರ್ಮ ಹೆದ್ದಾರಿಯಲ್ಲಿ ಡೇರೆ ಹಾಕಿ ಕೂತರು. ನ್ಯಾಯಮಂಡಳಿ ಸುಮಾರು ಶೇ. 9ರಷ್ಟು ಮತಗಟ್ಟೆಗಳ ಮತಗಳನ್ನಷ್ಟೇ ಮತ್ತೆ ಎಣಿಸಲು ಆದೇಶಿಸಿ, ಸೆಪ್ಟೆಂಬರ್ 5ರಂದು 2,33,831 ಮತಗಳ ಅಂತರದಿಂದ ಕಾಲ್ಡೆರೋನ್ ಗೆದ್ದರೆಂದು ತೀರ್ಮಾನಿಸಿತು. ನಾಲ್ಕು ಕೋಟಿಗೂ ಮೀರಿದ ಮತಗಳಲ್ಲಿ ಈ ಅಂತರ.

ಹೊರಗಿನ ಅಭಿನಂದನೆಗಳು ಎಣಿಕೆಯನ್ನು ಬದಲಿಸಲಿಲ್ಲ ಎಂಬುದು ನಿಜ. ಆದರೆ ವಿಚಾರಣೆ ನಡೆಯುತ್ತಿದ್ದ ಅಷ್ಟೂ ದಿನ ಒಬ್ಬ ಅಭ್ಯರ್ಥಿ ಜಗತ್ತು ತನ್ನನ್ನು ಒಪ್ಪಿದೆ ಎನ್ನಬಹುದಾಗಿತ್ತು, ಇನ್ನೊಬ್ಬರು ಸೋಲೊಪ್ಪದ ಹಟಮಾರಿಯಂತೆ ಕಾಣಬೇಕಾಗಿತ್ತು. ಅಭಿನಂದನೆಗೆ ಕಾನೂನಿನ ಬಲವಿಲ್ಲ. ವಿವಾದದ ನಡುವೆ ಅದೇ ಒಂದು ಸಾಕ್ಷ್ಯವಾಗಿಬಿಡುತ್ತದೆ. 2020ರಲ್ಲಿ ಲೋಪೆಸ್ ಒಬ್ರಡೋರ್ ತಮ್ಮ ನಿಲುವನ್ನು ವಿವರಿಸುತ್ತ 2006ರ ಈ ಅವಸರವನ್ನೇ ನೆನಪಿಸಿದರು.

2020ರ ಸಂದೇಶಗಳನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಪ್ರತಿ ದೇಶವೂ ಯಾರನ್ನು ತೀರ್ಪುಗಾರರೆಂದು ಒಪ್ಪಿತು ಎಂಬುದು ಗೊತ್ತಾಗುತ್ತದೆ. ಸ್ಲೊವೇನಿಯಾದ ಪ್ರಧಾನಿ ಯಾನೆಸ್ ಯಾನ್ಶಾ ಎಣಿಕೆ ಇನ್ನೂ ಸಾಗಿದ್ದ ನವೆಂಬರ್ 4ರಂದೇ ಟ್ರಂಪ್ ಗೆದ್ದರೆಂದು ಅಭಿನಂದಿಸಿದರು. ಅವರು ಯಾವ ತೀರ್ಪುಗಾರರನ್ನೂ ಕಾಯಲಿಲ್ಲ. ನವೆಂಬರ್ 7ರ ಗುಂಪು ವಾಹಿನಿಗಳ ಲೆಕ್ಕವನ್ನು ನಂಬಿತು. ಅಂದು ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್ ಹಾಕಿದ ಸಂದೇಶದ ಚಿತ್ರವನ್ನು ಬೆಳಕು ಹೆಚ್ಚಿಸಿ ನೋಡಿದವರಿಗೆ ಹಿನ್ನೆಲೆಯಲ್ಲಿ ಮಸುಕಾಗಿ ಟ್ರಂಪ್ ಹೆಸರು ಕಂಡಿತು. ಎರಡು ಸಂದೇಶ ಸಿದ್ಧವಾಗಿದ್ದವು, ತಾಂತ್ರಿಕ ದೋಷದಿಂದ ಒಂದರ ತುಣುಕು ಇನ್ನೊಂದರಲ್ಲಿ ಉಳಿಯಿತು ಎಂದು ಸರ್ಕಾರ ವಿವರಿಸಿತು. ಫಲಿತಾಂಶಕ್ಕೆ ಮೊದಲೇ ಎರಡೂ ಒಕ್ಕಣೆಗಳನ್ನು ಬರೆದಿಡುವುದು ವಿದೇಶಾಂಗ ಕಚೇರಿಗಳ ರೂಢಿ. ಉಳಿಯುವ ನಿರ್ಧಾರ ಯಾವಾಗ ಕಳಿಸಬೇಕು ಎಂಬುದೊಂದೇ. ಚೀನಾದ ವಿದೇಶಾಂಗ ಸಚಿವಾಲಯ ನವೆಂಬರ್ 13ರಂದು ಅಭಿನಂದಿಸಿತು. ಫಲಿತಾಂಶ ಅಮೆರಿಕದ ಕಾನೂನಿನಂತೆ ನಿರ್ಧಾರವಾಗುತ್ತದೆ ಎಂಬ ಮಾತನ್ನೂ ಸೇರಿಸಿತು. ರಷ್ಯಾ, ಬ್ರೆಜಿಲ್, ಮೆಕ್ಸಿಕೊ ಡಿಸೆಂಬರ್ 14ರಂದು ಚುನಾಯಕ ಮಂಡಳಿ 306–232 ಎಂದು ಮತ ಹಾಕುವವರೆಗೆ ಕಾದವು. ಲೋಪೆಸ್ ಒಬ್ರಡೋರ್ ಪತ್ರದ ಮೇಲಿನ ತಾರೀಖು ಅದೇ ಡಿಸೆಂಬರ್ 14.

ಈ ಮೂವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಎಂದು ನಾನು ಹೇಳಲಾರೆ. ಬ್ರೆಜಿಲ್ಲಿನ ಅಂದಿನ ಅಧ್ಯಕ್ಷ ಬೊಲ್ಸೊನಾರೊ ಅಮೆರಿಕದ ಚುನಾವಣೆಯಲ್ಲಿ ಅಕ್ರಮ ನಡೆದಿದೆಯೆಂದು ಬಹಿರಂಗವಾಗಿಯೇ ಹೇಳಿದವರು. ಆದರೆ ಮೆಕ್ಸಿಕೊದ ಕ್ರಮಕ್ಕೆ ತನ್ನದೇ ಆದ ಶಿಸ್ತಿತ್ತು: ಅಮೆರಿಕದ ಸಂವಿಧಾನವೇ ಗುರುತಿಸಿದ ಸಂಸ್ಥೆ, ಮೊದಲೇ ಗೊತ್ತಿದ್ದ ದಿನ, ಆ ದಿನ ಬಂದೊಡನೆ ಪತ್ರ. ನೆರೆಯ ಬಲಾಢ್ಯ ದೇಶದ ಮುನಿಸನ್ನು ಲೆಕ್ಕಿಸದೆ ಹೀಗೆ ನಡೆದುಕೊಂಡದ್ದು ಗೌರವಕ್ಕೆ ಅರ್ಹ.

ಈ ಶಿಸ್ತು ನಿಂತಿರುವುದು ಒಂದು ನಂಬಿಕೆಯ ಮೇಲೆ, ಆ ದೇಶದ ತೀರ್ಪುಗಾರ ಸಂಸ್ಥೆ ಸ್ವತಂತ್ರವಾಗಿದೆ ಎಂಬುದರ ಮೇಲೆ. ಅದು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಐವರಿ ಕೋಸ್ಟ್ ಉದಾಹರಣೆ. ಅಧ್ಯಕ್ಷೀಯ ಚುನಾವಣೆಯ 2010ರ ನವೆಂಬರ್ 28ರ ಎರಡನೇ ಸುತ್ತಿನಲ್ಲಿ ಅಲಸಾನ್ ಔಟಾರಾ ಶೇ. 54.1 ಮತ ಪಡೆದರೆಂದು ಚುನಾವಣಾ ಆಯೋಗ ಡಿಸೆಂಬರ್ 2ರಂದು ಹೇಳಿತು. ಮರುದಿನ ಸಂವಿಧಾನ ಪರಿಷತ್ತು ಉತ್ತರದ ಹಲವು ಜಿಲ್ಲೆಗಳ ಮತಗಳನ್ನೇ ರದ್ದುಮಾಡಿ ಅಧಿಕಾರದಲ್ಲಿದ್ದ ಲೊರಾಂ ಬಾಗ್ಬೊ ಗೆದ್ದರೆಂದಿತು. ದೇಶದೊಳಗಿನ ಅತ್ಯುನ್ನತ ಸಂಸ್ಥೆಯನ್ನೇ ನಂಬಬೇಕೆಂದಿದ್ದರೆ ಬಾಗ್ಬೊ ಅವರನ್ನು ಅಭಿನಂದಿಸಬೇಕಾಗಿತ್ತು. ಆದರೆ ಅಲ್ಲಿ ಫಲಿತಾಂಶವನ್ನು ದೃಢೀಕರಿಸುವ ಹೊಣೆಯನ್ನು ಭದ್ರತಾ ಮಂಡಳಿ ಮೊದಲೇ ವಿಶ್ವಸಂಸ್ಥೆಯ ಪ್ರತಿನಿಧಿಗೆ ಕೊಟ್ಟಿತ್ತು. ಮತಗಟ್ಟೆಗಳ ಎಣಿಕೆ ಪತ್ರಗಳನ್ನು ತಾವೇ ಪರಿಶೀಲಿಸಿದ್ದ ಆ ಪ್ರತಿನಿಧಿ ಚೋಯ್ ಯಂಗ್-ಜಿನ್, ಬಾಗ್ಬೊ ಪಕ್ಷದ ದೂರುಗಳನ್ನೆಲ್ಲ ಒಪ್ಪಿದರೂ ಫಲಿತಾಂಶ ಬದಲಾಗುವುದಿಲ್ಲ ಎಂದರು. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ, ಆಫ್ರಿಕನ್ ಯೂನಿಯನ್, ಫ್ರಾನ್ಸ್, ಅಮೆರಿಕಗಳು ಔಟಾರಾ ಪರ ನಿಂತವು. ಬಾಗ್ಬೊ ಬಗ್ಗಲಿಲ್ಲ, 2011ರ ಏಪ್ರಿಲ್ 11ರಂದು ಅವರ ಬಂಧನವಾಗುವಷ್ಟರಲ್ಲಿ ಸುಮಾರು 3,000 ಜನ ಸತ್ತಿದ್ದರು. ಆ ಮಾರ್ಚಿನಲ್ಲಿ ಭದ್ರತಾ ಮಂಡಳಿಯ ಸದಸ್ಯನಾಗಿದ್ದ ಭಾರತ, ಬಾಗ್ಬೊ ಕೆಳಗಿಳಿಯಬೇಕೆನ್ನುವ ನಿರ್ಣಯದ ಪರ ಮತ ಹಾಕಿತಾದರೂ ಶಾಂತಿಪಾಲಕರನ್ನು ಸರ್ಕಾರ ಬದಲಿಸುವ ಸಾಧನ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳಿತು. ಗೆದ್ದವರು ಯಾರೆಂದು ಹೇಳುವುದು ಬೇರೆ, ಅವರನ್ನು ಬಂದೂಕಿನಿಂದ ಕೂರಿಸುವುದು ಬೇರೆ.

ಈಗ ವೆನೆಜುವೆಲಾ. ಅಲ್ಲಿ ಪ್ರತಿ ಮತಗಟ್ಟೆಯಲ್ಲೂ ಮತದಾನ ಮುಗಿದ ಮೇಲೆ ಯಂತ್ರವೇ ಎಣಿಕೆ ಪತ್ರವೊಂದನ್ನು ಮುದ್ರಿಸುತ್ತದೆ. ಅದರಲ್ಲಿ ಕೇಂದ್ರದ ಸಂಖ್ಯೆ, ಅಭ್ಯರ್ಥಿವಾರು ಮತಗಳು, ಕ್ಯೂಆರ್ ಕೋಡ್, ಸಿಬ್ಬಂದಿ ಮತ್ತು ಪಕ್ಷಗಳ ಸಾಕ್ಷಿಗಳ ಸಹಿ ಇರುತ್ತವೆ. ಸಾಕ್ಷಿಗಳು ಪ್ರತಿ ಪಡೆಯುತ್ತಾರೆ. ನಮ್ಮ ಮತಗಟ್ಟೆ ಏಜೆಂಟರಿಗೆ ಮತದಾನದ ಸಂಜೆ ಸಿಗುವ ನಮೂನೆ 17ಸಿಯಲ್ಲಿ ಚಲಾವಣೆಯಾದ ಮತಗಳ ಲೆಕ್ಕವಿರುತ್ತದೆ, ಯಾರಿಗೆ ಎಷ್ಟು ಎಂಬುದಿರುವುದಿಲ್ಲ. ವೆನೆಜುವೆಲಾದ ಪತ್ರದಲ್ಲಿ ಅದೂ ಇರುತ್ತದೆ. 2024ರ ಜುಲೈ 28ರ ಚುನಾವಣೆಯಲ್ಲಿ ವಿರೋಧ ಪಕ್ಷದ ಸಾಕ್ಷಿಗಳು ಶೇ. 80ಕ್ಕೂ ಹೆಚ್ಚು ಮತಗಟ್ಟೆಗಳ ಪತ್ರಗಳನ್ನು ಕೂಡಿಹಾಕಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಅವುಗಳ ಪ್ರಕಾರ ವಿರೋಧ ಪಕ್ಷದ ಅಭ್ಯರ್ಥಿ ಎಡ್ಮುಂಡೊ ಗೊನ್ಸಾಲೆಸ್ ಅವರಿಗೆ ಸುಮಾರು ಶೇ. 67 ಮತ.

ಚುನಾವಣಾ ಮಂಡಳಿ ಅಂದು ಮಧ್ಯರಾತ್ರಿ ಓದಿದ ಅಂಕಿಗಳು ಬೇರೆ: ಶೇ. 80ರಷ್ಟು ಎಣಿಕೆಯಲ್ಲಿ ಅಧಿಕಾರದಲ್ಲಿದ್ದ ನಿಕೊಲಾಸ್ ಮಡುರೊ 51,50,092, ಗೊನ್ಸಾಲೆಸ್ 44,45,978, ಉಳಿದವರೆಲ್ಲ ಸೇರಿ 4,62,704. ಕೂಡಿದರೆ 1,00,58,774. ಇದರ ಶೇ. 51.2 ಲೆಕ್ಕ ಹಾಕಿ, 51,50,092.288 ಬರುತ್ತದೆ. ಶೇ. 44.2ಕ್ಕೆ 44,45,978.108, ಶೇ. 4.6ಕ್ಕೆ 4,62,703.604. ಹತ್ತಿರದ ಪೂರ್ಣಾಂಕಕ್ಕೆ ತಂದರೆ ಮೂರೂ ಪ್ರಕಟಿತ ಸಂಖ್ಯೆಗಳೇ. ಮತಗಳನ್ನು ಎಣಿಸಿ ಶೇಕಡಾವಾರು ಕಂಡುಹಿಡಿಯುವುದು ಕ್ರಮ. ಇಲ್ಲಿ ಶೇಕಡಾವಾರಿನಿಂದ ಮತಗಳನ್ನು ಕಂಡುಹಿಡಿದಂತಿದೆ. ಇಷ್ಟರಿಂದಲೇ ವಂಚನೆ ಸಿದ್ಧವಾಗುವುದಿಲ್ಲ, ಯಾರೋ ಅಧಿಕಾರಿ ದುಂಡಗಿನ ಶೇಕಡಾವಾರಿನಿಂದ ಹಿಂದಕ್ಕೆ ಲೆಕ್ಕ ಕಟ್ಟಿರಬಹುದು. ಓದಿದ್ದು ನೇರ ಎಣಿಕೆಯಲ್ಲ ಎಂಬುದಂತೂ ಗೊತ್ತಾಗುತ್ತದೆ. ಮತಗಟ್ಟೆವಾರು ಅಂಕಿ ಪ್ರಕಟವಾಗಿದ್ದರೆ ಅನುಮಾನ ಒಂದೇ ದಿನದಲ್ಲಿ ಬಗೆಹರಿಯುತ್ತಿತ್ತು. ಮಂಡಳಿ ಸೈಬರ್ ದಾಳಿಯ ಕಾರಣ ಹೇಳಿ ಪ್ರಕಟಿಸಲಿಲ್ಲ.

ಚೀನಾ, ರಷ್ಯಾ, ಕ್ಯೂಬಾ, ಇರಾನ್ ಕೂಡಲೇ ಮಡುರೊ ಅವರನ್ನು ಅಭಿನಂದಿಸಿದವು. ಫಲಿತಾಂಶ ನಂಬಲು ಕಷ್ಟ ಎಂದವರಲ್ಲಿ ಚಿಲಿಯ ಎಡಪಂಥೀಯ ಅಧ್ಯಕ್ಷ ಬೊರಿಕ್ ಕೂಡ ಇದ್ದರು. ಚಿಲಿ ಸೇರಿದಂತೆ ಏಳು ಲ್ಯಾಟಿನ್ ಅಮೆರಿಕನ್ ದೇಶಗಳ ರಾಜತಾಂತ್ರಿಕರನ್ನು ವೆನೆಜುವೆಲಾ ಹೊರಹಾಕಿತು. ಜುಲೈ 31ರಂದು ಅಮೆರಿಕ ಖಂಡದ ದೇಶಗಳ ಸಂಘಟನೆಯಲ್ಲಿ ಮತಗಟ್ಟೆವಾರು ಅಂಕಿ ಕೇಳುವ ನಿರ್ಣಯಕ್ಕೆ ಬೇಕಿದ್ದದ್ದು 18 ಮತ, ಬಿದ್ದದ್ದು 17. ಬ್ರೆಜಿಲ್, ಕೊಲಂಬಿಯಾ ತಟಸ್ಥವಾದವು. ಮೆಕ್ಸಿಕೊ ಸಭೆಗೇ ಹೋಗಲಿಲ್ಲ. ಮರುದಿನ ಇದೇ ಮೂರು ದೇಶಗಳು ಜಂಟಿ ಹೇಳಿಕೆಯಲ್ಲಿ ಮತಗಟ್ಟೆವಾರು ಅಂಕಿಯನ್ನೇ ಕೇಳಿದವು. ಬೇಡಿಕೆ ಸರಿಯಾಗಿತ್ತು: ಗೆದ್ದವರು ಯಾರೆಂದು ನಾವು ಹೇಳುವುದಿಲ್ಲ, ಪತ್ರಗಳನ್ನು ತೋರಿಸಿ. ಬ್ರೆಜಿಲ್ ಅಂತೂ ಕರಾಕಸ್‌ನಲ್ಲಿದ್ದ ಅರ್ಜೆಂಟೀನಾ ರಾಯಭಾರ ಕಚೇರಿಯ, ಅಲ್ಲಿ ಆಶ್ರಯ ಪಡೆದಿದ್ದ ವಿರೋಧ ಪಕ್ಷದವರ ಹೊಣೆಯನ್ನೂ ಹೊತ್ತಿತು. ಮಾತನಾಡುವ ದಾರಿ ಮುಚ್ಚದೆ ಉಳಿದದ್ದರಿಂದ ಆದ ನಿಜವಾದ ಉಪಕಾರ ಅದು.

ಆದರೆ ಎಷ್ಟು ದಿನದೊಳಗೆ ತೋರಿಸಬೇಕು, ತೋರಿಸದಿದ್ದರೆ ಏನು ಎಂಬುದು ಆ ಹೇಳಿಕೆಯಲ್ಲಿ ಇರಲಿಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ಲೋಪೆಸ್ ಒಬ್ರಡೋರ್ ವೆನೆಜುವೆಲಾದ ಸರ್ವೋಚ್ಚ ನ್ಯಾಯಮಂಡಳಿಯ ತೀರ್ಪಿಗೆ ಕಾಯೋಣ ಎನ್ನತೊಡಗಿದರು. ಅವರ 2020ರ ಸೂತ್ರವೇ ಇದು, ದೇಶದ ಸಂಸ್ಥೆ ತೀರ್ಮಾನಿಸಲಿ. ಆದರೆ ಆ ನ್ಯಾಯಮಂಡಳಿ ಸರ್ಕಾರದ ಹಿಡಿತದಲ್ಲಿತ್ತು. ಆಗಸ್ಟ್ 22ರಂದು ಪತ್ರಗಳನ್ನು ಹೊರಗೆ ತೋರಿಸದೆಯೇ ಮಡುರೊ ಗೆಲುವನ್ನು ಎತ್ತಿಹಿಡಿಯಿತು. ಎರಡು ದಿನಗಳ ಬಳಿಕ ಅಂಕಿಗಳಿಗಾಗಿ ಇನ್ನೂ ಕಾಯುತ್ತಿದ್ದೇವೆ ಎಂಬ ಹೇಳಿಕೆ ಬಂದಾಗ ಅದರಲ್ಲಿ ಬ್ರೆಜಿಲ್, ಕೊಲಂಬಿಯಾಗಳ ಹೆಸರಷ್ಟೇ ಇತ್ತು. ಗೊನ್ಸಾಲೆಸ್ ಸೆಪ್ಟೆಂಬರಿನಲ್ಲಿ ಸ್ಪೇನಿಗೆ ಹೋಗಬೇಕಾಯಿತು.

ಮೆಕ್ಸಿಕೊದ ಹಿಂಜರಿಕೆಗೆ 2019ರ ಅನುಭವ ಕಾರಣ ಎನ್ನುವವರಿದ್ದಾರೆ, ಅದರಲ್ಲಿ ಹುರುಳಿದೆ. ಆಗ ಅಮೆರಿಕ ಮತ್ತು ಐವತ್ತಕ್ಕೂ ಹೆಚ್ಚು ದೇಶಗಳು ವೆನೆಜುವೆಲಾದ ವಿರೋಧ ಪಕ್ಷದ ನಾಯಕ ಹುವಾನ್ ಗ್ವಾಯ್ಡೊ ಅವರನ್ನು ಹಂಗಾಮಿ ಅಧ್ಯಕ್ಷರೆಂದು ಮಾನ್ಯ ಮಾಡಿದವು. ಆಡಳಿತ, ಸೈನ್ಯ ಮಡುರೊ ಕೈಯಲ್ಲೇ ಉಳಿದವು; ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿದ್ದ ವೆನೆಜುವೆಲಾದ ಸುಮಾರು 31 ಟನ್ ಚಿನ್ನದ ಮೇಲಿನ ಹಕ್ಕು ಲಂಡನ್ನಿನ ನ್ಯಾಯಾಲಯಗಳ ಮೆಟ್ಟಿಲೇರಿತು. 2022ರ ಕೊನೆಗೆ ವಿರೋಧ ಪಕ್ಷದವರೇ ಆ ಹಂಗಾಮಿ ಸರ್ಕಾರವನ್ನು ವಿಸರ್ಜಿಸಿದರು. ಭಾರತ ಗ್ವಾಯ್ಡೊ ಅವರನ್ನು ಮಾನ್ಯ ಮಾಡದೆ, ವೆನೆಜುವೆಲಾದವರೇ ಮಾತುಕತೆಯಿಂದ ಬಗೆಹರಿಸಿಕೊಳ್ಳಲಿ ಎಂದಿತ್ತು. ಅದು ವಿವೇಕದ ನಿಲುವು. ಆದರೆ ನಮ್ಮ ನೆರೆಯಲ್ಲಿ ಈ ವಿವೇಕ ಉಳಿಯಲಿಲ್ಲ. ಪ್ರಮುಖ ವಿರೋಧ ಪಕ್ಷ ಬಹಿಷ್ಕರಿಸಿದ 2024ರ ಜನವರಿ 7ರ ಬಾಂಗ್ಲಾದೇಶ ಚುನಾವಣೆಯ ಮರುದಿನವೇ ದೆಹಲಿಯಿಂದ ಢಾಕಾಕ್ಕೆ ಅಭಿನಂದನೆಯ ಕರೆ ಹೋಯಿತು. ಚುನಾವಣೆ ಮುಕ್ತವಾಗಿರಲಿಲ್ಲ ಎಂದು ಅಮೆರಿಕ ಅದೇ ದಿನ ಹೇಳಿತು. ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟರು. ಅಲ್ಲಿನ ಬೀದಿಗಳಲ್ಲಿ ಭಾರತದ ವಿರುದ್ಧ ಎದ್ದ ಸಿಟ್ಟಿಗೆ ಕಾರಣ ಹಲವು, ಆ ಅವಸರವೂ ಅವುಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ.

2025ರ ಜನವರಿ 10ರಂದು ಮಡುರೊ ಮೂರನೇ ಅವಧಿಗೆ ಪ್ರಮಾಣವಚನ ಸ್ವೀಕರಿಸಿದರು. ಮೆಕ್ಸಿಕೊ, ಬ್ರೆಜಿಲ್, ಕೊಲಂಬಿಯಾಗಳ ಅಧ್ಯಕ್ಷರು ಹೋಗಲಿಲ್ಲ, ರಾಯಭಾರಿಗಳನ್ನು ಕಳಿಸಿದರು. ಆ ಮೂರು ದೇಶಗಳು ಆಗಸ್ಟ್ 1ರಂದು ಕೇಳಿದ್ದ ಮತಗಟ್ಟೆವಾರು ಅಂಕಿಗಳನ್ನು ಚುನಾವಣಾ ಮಂಡಳಿ ಆ ದಿನದವರೆಗೂ ಪ್ರಕಟಿಸಿರಲಿಲ್ಲ.