ದಾಳದ ಕಾಳಗ ಮತ್ತು ಪಾತ್ರದ ಬಡ್ತಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ದೊಡ್ಡಾಟದಲ್ಲಿ ರಂಗಕ್ಕೆ ಬಂದ ವೇಷವನ್ನು ಸಾರಥಿ ಎದುರುಗೊಂಡು ಯಾರು, ಎತ್ತಣಿಂದ ಬಂದವರು ಎಂದು ವಿಚಾರಿಸುತ್ತಾನೆ; ವೇಷಧಾರಿ ತನ್ನ ಹೆಸರು, ಕುಲ, ಪರಾಕ್ರಮಗಳನ್ನು ತಾನೇ ಸಾರಿಕೊಂಡು, ಮುಂದೆ ಕುಣಿತದಲ್ಲೇ ಕಾಳಗಕ್ಕೆ ಇಳಿಯುತ್ತಾನೆ. ಗೆಲುವು ಯಾರದೆಂಬುದು ಪ್ರಸಂಗ ಬರೆದಂದೇ ತೀರ್ಮಾನವಾಗಿರುವುದರಿಂದ ಆ ಕಾಳಗಕ್ಕೆ ಹೆಜ್ಜೆ, ಮದ್ದಳೆ, ಮಾತುಗಾರಿಕೆ ಬೇಕೇ ಹೊರತು ಲೆಕ್ಕ ಬೇಡ. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರ ವಹಿಸಿಕೊಂಡು ಕಥೆಯನ್ನು ಆಡುತ್ತಾಡುತ್ತಲೇ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಇಂಥ ಪ್ರಸಂಗವೇ ಇರುವುದಿಲ್ಲ. ಹೊಡೆತ ತಗುಲಿತೇ ಎಂಬುದನ್ನೂ, ಬದುಕುಳಿದವನು ಮುಂದಿನ ಆಟದ ಹೊತ್ತಿಗೆ ಏನಾಗಿರುತ್ತಾನೆ ಎಂಬುದನ್ನೂ ಅಲ್ಲಿ ನಿಯಮವೇ ಹೇಳಬೇಕು. ಈ ಎರಡು ಬಗೆಯ ನಿಯಮಗಳನ್ನು ಬಿಡಿಬಿಡಿಯಾಗಿ ವಿವರಿಸುವುದು ವಾಡಿಕೆಯಾದರೂ ಅವುಗಳ ಚರಿತ್ರೆ ಒಂದೇ, ಏಕೆಂದರೆ ಬಡ್ತಿ ಯಾವುದಕ್ಕೆ ಸಿಗುತ್ತದೋ ಆಟಗಾರರು ಅದನ್ನೇ ಮಾಡತೊಡಗುತ್ತಾರೆ.

ಇವುಗಳ ಬೇರು ಸೇನಾ ತರಬೇತಿಯಲ್ಲಿದೆ. ಪ್ರಷ್ಯಾದ ರೈಸ್‌ವಿಟ್ಜ್ ತಂದೆ-ಮಕ್ಕಳು ರೂಪಿಸಿ, ಮಗ 1824ರಲ್ಲಿ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಎಂಬ ಯುದ್ಧಾಟದಲ್ಲಿ ನಕ್ಷೆ, ದಾಳ ಮತ್ತು ನಡುವೆ ತೀರ್ಪುಗಾರ ಇದ್ದರು, ಎಚ್. ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಅಂಥ ಆಟವನ್ನು ಮನೆಯ ನೆಲಕ್ಕೆ ತಂದರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಅವರ 1971ರ ‘ಚೈನ್‌ಮೇಲ್’ ಮಧ್ಯಯುಗದ ಕದನಕ್ಕೆ ಬರೆದ ನಿಯಮಾವಳಿಯಾಗಿದ್ದು, ಅದರ ಕಾಲ್ಪನಿಕ ಅನುಬಂಧದಲ್ಲಿ ಒಬ್ಬ ವೀರ ನಾಲ್ವರು ಸೈನಿಕರಿಗೆ ಸಮನಾಗಿದ್ದ. ಅಮೆರಿಕದ ಮಿನೆಸೋಟಾದಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ರಾಜ್ಯದಲ್ಲಿ ಆಟ ನಡೆಸುತ್ತಿದ್ದ ಡೇವ್ ಆರ್ನೆಸನ್ ಈ ನಿಯಮಗಳನ್ನು ಬಳಸಿ ನೋಡಿದಾಗ, ವಾರಗಟ್ಟಲೆ ಸಾಕಿಕೊಂಡ ಪಾತ್ರ ಒಂದೇ ದಾಳಕ್ಕೆ ಸಾಯುವುದು ಆಟಗಾರರಿಗೆ ಒಪ್ಪಿತವಾಗಲಿಲ್ಲ. ಆರ್ನೆಸನ್ ನೌಕಾಯುದ್ಧದ ಆಟಗಳಲ್ಲಿ ಹಡಗು ಎಷ್ಟು ಪೆಟ್ಟು ತಾಳಬಲ್ಲದೆಂದು ಎಣಿಸುವ ಕ್ರಮವನ್ನು ಮನುಷ್ಯನಿಗೆ ಅನ್ವಯಿಸಿದರು. ಹಿಟ್ ಪಾಯಿಂಟ್ ಎನ್ನಲಾಗುವ ಈ ಜೀವಾಂಕವೇ ಇಂದಿನ ಕಂಪ್ಯೂಟರ್ ಆಟಗಳವರೆಗೂ ಹರಿದು ಬಂದಿದೆ. ಹಡಗಿಗೆ ಹೊಲಿದ ಅಂಗಿ ಮನುಷ್ಯನಿಗೆ ಸರಿಹೊಂದಿದೆಯೇ ಎಂಬ ತಕರಾರೂ ಅಂದಿನಿಂದ ನಡೆದೇ ಇದೆ.

1974ರಲ್ಲಿ ಮೂರು ಕಿರುಪುಸ್ತಕಗಳಾಗಿ, ಮೊದಲ ಮುದ್ರಣದಲ್ಲಿ ಸಾವಿರ ಪ್ರತಿಗಳಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಎಲ್ಲವನ್ನೂ ಒಟ್ಟುಗೂಡಿಸಿತು. ಅದರಲ್ಲಿ ಹೊಡೆತವೊಂದರ ಲೆಕ್ಕ ಸರಳವಾದದ್ದು: ಮೊದಲ ಹಂತದ ಯೋಧ ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ, ಎದುರಾಳಿ ಕವಚವಿಲ್ಲದವನಾದರೆ 10 ಅಥವಾ ಹೆಚ್ಚು, ಲೋಹದ ಕವಚ ಮತ್ತು ಗುರಾಣಿ ಹೊತ್ತವನಾದರೆ 17 ಅಥವಾ ಹೆಚ್ಚು ಬಿದ್ದರೆ ಪೆಟ್ಟು ತಗುಲುತ್ತದೆ, ತಗುಲಿದ ಮೇಲೆ ಆರು ಮುಖದ ದಾಳ ಹೇಳಿದಷ್ಟು ಜೀವಾಂಕ ಕಳೆಯುತ್ತದೆ. ಕವಚ ಪೆಟ್ಟನ್ನು ಹಗುರಗೊಳಿಸುವುದಿಲ್ಲ, ಪೆಟ್ಟು ಬೀಳದಂತೆ ಮಾತ್ರ ಮಾಡುತ್ತದೆ. ಯೋಧ ಎರಡನೆಯ ಹಂತಕ್ಕೇರಲು 2,000, ಮೂರನೆಯದಕ್ಕೆ 4,000, ನಾಲ್ಕನೆಯದಕ್ಕೆ 8,000 ಅನುಭವಾಂಕ ಬೇಕಿತ್ತು. ಮಾಂತ್ರಿಕನ ಮೊದಲ ಮೆಟ್ಟಿಲೇ 2,500ರದು. ಒಂದೊಂದು ಹಂತಕ್ಕೂ ವೆಟರನ್, ವಾರಿಯರ್, ಹೀರೋ, ಲಾರ್ಡ್ ಮುಂತಾದ ಬಿರುದುಗಳಿದ್ದವು.

ಈ ಅನುಭವಾಂಕ ಎಲ್ಲಿಂದ ಬರುತ್ತಿತ್ತು ಎಂಬುದೇ ಇಲ್ಲಿನ ಸ್ವಾರಸ್ಯ. ಆರಂಭದಲ್ಲಿ ರಾಕ್ಷಸವಧೆಗೂ ಧಾರಾಳವಾಗಿ ಅಂಕ ದೊರೆಯುತ್ತಿದ್ದುದನ್ನು 1975ರ ‘ಗ್ರೇಹಾಕ್’ ಪೂರಕಗ್ರಂಥ ತೀವ್ರವಾಗಿ ಇಳಿಸಿದ ಮೇಲೆ, ನೆಲಮಾಳಿಗೆಯಿಂದ ಹೊರತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕವೆಂಬ ನಿಯಮವೇ ಬಡ್ತಿಯ ಮುಖ್ಯ ದಾರಿಯಾಯಿತು. ಕತ್ತಿವರಸೆ ಚಿನ್ನ ಹೊರುವುದರಿಂದ ಹೇಗೆ ಬಂದೀತು ಎಂಬ ಆಕ್ಷೇಪ ಸಹಜವೇ. ಆದರೆ ಕಾಳಗ ಅಪಾಯಕಾರಿಯೂ ಅಲ್ಪಲಾಭದ್ದೂ ಆದುದರಿಂದ ಜಾಣ ಆಟಗಾರರು ಹೊಡೆದಾಟವನ್ನು ತಪ್ಪಿಸಿ, ಮಾತಿನಿಂದಲೋ ಕಳ್ಳಹೆಜ್ಜೆಯಿಂದಲೋ ನಿಧಿ ಎತ್ತುವ ಉಪಾಯ ಹುಡುಕಿದರು. ತರ್ಕಕ್ಕೆ ನಿಲ್ಲದ ಈ ನಿಯಮ ಆಟವಾಗಿ ಅತ್ಯುತ್ತಮವಾದುದೆಂದೇ ಹೇಳಬೇಕು.

ತರ್ಕವನ್ನೇ ಹಿಡಿದು ಹೊರಟದ್ದು 1978ರ ‘ರೂನ್‌ಕ್ವೆಸ್ಟ್’. ಅದರ ಮುಖ್ಯ ರಚನಕಾರ ಸ್ಟೀವ್ ಪೆರಿನ್ ಮಧ್ಯಯುಗದ ಯುದ್ಧಕಲೆಯನ್ನು ಮೈಯಾರೆ ಅಭ್ಯಾಸ ಮಾಡುವ ಸಂಘವೊಂದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಇಲ್ಲಿ ಹೊಡೆಯುವವನು ಶೇಕಡಾವಾರು ಕೌಶಲಕ್ಕೆ ದಾಳ ಹಾಕಿದರೆ ಎದುರಾಳಿ ತಡೆಯಲು ಬೇರೆ ದಾಳ ಹಾಕುತ್ತಾನೆ. ಪೆಟ್ಟು ತಲೆ, ಎದೆ, ತೋಳು, ಕಾಲುಗಳಲ್ಲಿ ಎಲ್ಲಿಗೆ ಬಿತ್ತೆಂಬುದನ್ನು ಮತ್ತೊಂದು ದಾಳ ಹೇಳುತ್ತದೆ, ಆಯಾ ಅಂಗಕ್ಕೆ ಅದರದೇ ಜೀವಾಂಕವಿರುತ್ತದೆ. ರನ್ನನ ‘ಗದಾಯುದ್ಧ’ವನ್ನು ಬಲ್ಲವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ: ಮೊದಲಿನ ಆಟದಲ್ಲಿ ಭೀಮನ ಗದೆ ದುರ್ಯೋಧನನ ಒಟ್ಟು ಮೊತ್ತದಿಂದ ಒಂದಿಷ್ಟನ್ನು ಕಳೆಯಬಲ್ಲದೇ ವಿನಾ ತೊಡೆ ಮುರಿಯಲಾರದು, ರೂನ್‌ಕ್ವೆಸ್ಟ್‌ನಲ್ಲಿ ತೊಡೆ ಮುರಿದು ಅರಸ ನೆಲಕ್ಕುರುಳುತ್ತಾನೆ, ಬದುಕಿಯೂ ಇರುತ್ತಾನೆ.

ಬಡ್ತಿಯ ಕ್ರಮವೂ ಅಲ್ಲಿ ಬದಲಾಯಿತು. ಹಂತಗಳಿಲ್ಲ, ಸಾಹಸದಲ್ಲಿ ಯಶಸ್ವಿಯಾಗಿ ಬಳಸಿದ ಕೌಶಲಕ್ಕೆ ಗುರುತು ಹಾಕಿಕೊಂಡು, ಕೊನೆಗೆ ದಾಳ ಹಾಕಿ, ಈಗಿರುವ ಕೌಶಲಕ್ಕಿಂತ ಮೇಲಿನ ಅಂಕ ಬಿದ್ದರೆ ಅದು ಶೇಕಡಾ 5ರಷ್ಟು ಏರುತ್ತದೆ. ಬಲ್ಲವನಿಗೆ ಇನ್ನಷ್ಟು ಕಲಿಯುವುದು ಕಷ್ಟವೆಂಬ ಸಂಗತಿ ಈ ಲೆಕ್ಕದಲ್ಲೇ ಅಡಗಿದೆ. ಅಭ್ಯಾಸದಿಂದಲೇ ಬೆಳವಣಿಗೆ ಎಂಬ ಆಲೋಚನೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗ ಜಟ್ಟಿಗಳನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರವನ್ನೂ, ಭಾರ ಎತ್ತುವ, ನಡೆಯುವ, ಈಜುವ, ಕಂಬದ ಮೇಲೆ ಮಾಡುವ ಶ್ರಮಗಳನ್ನೂ ವಿಧಿಸುತ್ತದೆ. ಸೋಮೇಶ್ವರನ ಜಟ್ಟಿ ಬೆಳೆಯುವುದು ಸಾಧನೆಯಿಂದ, ಲೂಟಿಯಿಂದಲ್ಲ. ಆದರೆ ಅಭ್ಯಾಸವನ್ನು ಯಥಾವತ್ತಾಗಿ ಆಟಕ್ಕಿಳಿಸಿದರೆ ಅದು ಬೇಸರ ತರಿಸುತ್ತದೆ. ರೂನ್‌ಕ್ವೆಸ್ಟ್ ಆಡಿದವರಲ್ಲಿ ಗುರುತು ಗಳಿಸಲೆಂದೇ ಒಂದರ ಬದಲು ಇನ್ನೊಂದು ಆಯುಧ ಹಿಡಿಯುವ ಚಟ ಬೆಳೆದದ್ದೂ ಈ ನಿಯಮದ ಫಲವೇ.

ಮುಂದಿನ ಎರಡು ದಶಕಗಳನ್ನು ಬೇಗ ದಾಟಬಹುದು. 1981ರ ‘ಚಾಂಪಿಯನ್ಸ್’ ಮತ್ತು 1986ರ ‘ಗರ್ಪ್ಸ್’ ಅಂಕ ಕೊಟ್ಟು ಸಾಮರ್ಥ್ಯ ಕೊಳ್ಳುವ ಪದ್ಧತಿಯನ್ನು ಗಟ್ಟಿಗೊಳಿಸಿದವು. 1989ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆವೃತ್ತಿ ಚಿನ್ನದ ಅಂಕವನ್ನು ಐಚ್ಛಿಕವಾಗಿಸಿತು. 2000ದ ಮೂರನೆಯ ಆವೃತ್ತಿ ಎಲ್ಲ ವೃತ್ತಿಗಳಿಗೂ ಒಂದೇ ಬಡ್ತಿಕೋಷ್ಟಕ ಕೊಟ್ಟು, ಸುಮಾರು ಹದಿಮೂರು ಮುಖಾಮುಖಿಗಳಿಗೆ ಒಂದು ಹಂತವೆಂದು ಲೆಕ್ಕ ಕಟ್ಟಿತು. ಕಾಳಗ ತಪ್ಪಿಸಬೇಕಾದ ಅಪಾಯವಾಗಿದ್ದುದು ಹೀಗೆ ದುಡಿಮೆಯಾಯಿತು. 2008ರ ನಾಲ್ಕನೆಯದು ಚೌಕಳಿ ಹಾಳೆಯ ಮೇಲಿನ ನಡೆಗಳಿಗೆ ಎಷ್ಟು ಒತ್ತು ಕೊಟ್ಟಿತೆಂದರೆ ಹಳಬರು ಅದನ್ನು ಯುದ್ಧಾಟಕ್ಕೆ ಹಿಂದಿರುಗಿದಂತೆ ಎಂದು ಗೊಣಗಿದರು. ಅಷ್ಟರಲ್ಲೇ, 2006ರ ‘ಓಸ್ರಿಕ್’ನಂಥ ಪುನರ್ರಚನೆಗಳ ಮೂಲಕ, ನಾಣ್ಯಕ್ಕೊಂದು ಅಂಕದ ಹಳೆಯ ಆಟಕ್ಕೆ ಮತ್ತೆ ಜೀವ ಬಂದಿತ್ತು.

2012ರ ‘ಡಂಜನ್ ವರ್ಲ್ಡ್’ ಲೆಕ್ಕವನ್ನೇ ತಲೆಕೆಳಗು ಮಾಡಿ, ದಾಳ ಸೋತಾಗ ಅನುಭವಾಂಕ ಕೊಟ್ಟಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ 2014ರ ಐದನೆಯ ಆವೃತ್ತಿ ಇನ್ನೂ ಮುಂದೆ ಹೋಗಿ, ಅಂಕವನ್ನೇ ಎಣಿಸದೆ ಕಥೆಯ ಮುಖ್ಯ ಘಟ್ಟ ತಲುಪಿದಾಗ ಎಲ್ಲರಿಗೂ ಬಡ್ತಿ ಕೊಡುವ ಅವಕಾಶವನ್ನು ತೆರೆದಿಟ್ಟಿತು. ಹಾಗೆ ಆಡುವ ಮೇಜಿನಲ್ಲಿ ರಾಕ್ಷಸನನ್ನು ಕೊಂದರೂ, ಅವನೊಡನೆ ರಾಜಿಯಾದರೂ ಬಡ್ತಿಗೆ ಹೆಚ್ಚುಕಡಿಮೆಯಿಲ್ಲ. ಆದರೂ ಹೊಸ ಹಂತ ತಲುಪಿದ ಪಾತ್ರಕ್ಕೆ ಪುಸ್ತಕ ಕೊಡುವ ಸಾಮರ್ಥ್ಯಗಳಲ್ಲಿ ಹೆಚ್ಚಿನವು ಇಂದಿಗೂ ಹೊಡೆಯುವುದಕ್ಕೆ, ತಡೆಯುವುದಕ್ಕೆ, ಪೆಟ್ಟು ತಾಳುವುದಕ್ಕೆ ಸಂಬಂಧಿಸಿದವೇ ಆಗಿವೆ.